ಥರ್ಡ್ ಪಾರ್ಟಿ ಅಂದರೆ ಹಿಂದೆ ಕೂತವನಲ್ಲ!

ಗಂಜ್ ಸರ್ಕಲ್‌ನಲ್ಲಿ ಪೊಲೀಸಪ್ಪ ಕೈ ಅಡ್ಡ ಹಾಕಿದ ಕೂಡಲೇ ನಮ್ಮ ಜನ ಜಂಬದಿಂದ ಇನ್ಶೂರೆನ್ಸ್ ಕಾಗದ ತೋರಿಸುತ್ತಾರೆ. ದಂಡ ತಪ್ಪಿತು, ಮುಗೀತು! ಆ ಕಾಗದ ಯಾರನ್ನು ಕಾಯುತ್ತೆ ಅಂತ ಓದಿದವರೆಷ್ಟು?

1988ರ ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ವಿಮೆ. ಅದಿಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ ದಂಡ, ಮತ್ತೆ ಸಿಕ್ಕರೆ 4,000, ಜೈಲೂ ಆಗಬಹುದು. ನಿಮ್ಮ ಗಾಡಿ ದಾರಿಹೋಕನಿಗೆ ಬಡಿದರೆ ಈ ವಿಮೆ ಪರಿಹಾರ ಕೊಡುತ್ತದೆ. ಆದರೆ ನಿಮ್ಮ ತಪ್ಪಿನಿಂದ ಬೈಕ್ ಬಿದ್ದು ಹಿಂದೆ ಕೂತ ಹೆಂಡತಿಗೆ ಪೆಟ್ಟಾದರೆ? ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಹಿಂದಿನ ಸವಾರ ಸೇರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಪ್ಯಾಕೇಜ್ ಪಾಲಿಸಿ, ಅಂದರೆ ಜನ ಹೇಳುವ ಫುಲ್ ಇನ್ಶೂರೆನ್ಸ್ ಇದ್ದರೆ ಸೇರುತ್ತಾರೆ.

ಗೂಡ್ಸ್ ಗಾಡಿ ಮಾಲೀಕರೇ, ನಿಮ್ಮ ಕಥೆ ಇನ್ನೂ ಬಿಗಿ. ದೇವದುರ್ಗ, ಮಾನ್ವಿ ಕಡೆ ಹತ್ತಿ ಬಿಡಿಸಲು ಹೋಗುವ ಹೆಣ್ಣಾಳುಗಳನ್ನು ಮೂಟೆಯಂತೆ ತುಂಬುತ್ತೀರಿ. ಸರಕಿನ ಗಾಡಿಯಲ್ಲಿ ಸರಕಿನ ಧಣಿ ಇಲ್ಲವೇ ಅವನ ಕಡೆಯವನು ಮಾಲಿನ ಜೊತೆ ಕೂತರೆ ವಿಮೆ ಉಂಟು. ಚಾರ್ಜು ಕೊಟ್ಟು ಹತ್ತಿದ ಪ್ಯಾಸೆಂಜರ್‌ಗೆ ಇಲ್ಲ. ಹೆಚ್ಚುಕಮ್ಮಿ ಆದರೆ ಪರಿಹಾರ ನಿಮ್ಮ ಮನೆ, ಹೊಲದ ಮೇಲೇ ಬರುತ್ತದೆ.

ಪ್ಯಾಸೆಂಜರ್ ಗಾಡಿಯಾದರೂ ಲೆಕ್ಕವಿದೆ. ಎಷ್ಟು ಸೀಟಿಗೆ ವಿಮೆಯೋ ಅಷ್ಟು ಜನರ ಹೊಣೆ ಮಾತ್ರ ಕಂಪನಿಯದು. 2022ರ ಆಗಸ್ಟ್ 25ರಂದು ಶಿರಾ ಹತ್ತಿರ ಕ್ರೂಸರ್‌ಗೂ ಲಾರಿಗೂ ಡಿಕ್ಕಿಯಾಗಿ, ಬೆಂಗಳೂರಿಗೆ ಕೂಲಿಗೆ ಹೊರಟಿದ್ದ ನಮ್ಮ ಜಿಲ್ಲೆಯ 9 ಮಂದಿ ಸತ್ತರು. ಆ ಒಂದು ಗಾಡಿಯಲ್ಲಿ 20ಕ್ಕೂ ಹೆಚ್ಚು ಜನ ಇದ್ದರು. ಇದನ್ನು ಮರೆತೆವೇನು?

ಹಾಗಾದರೆ ಏನು ಮಾಡಬೇಕು? ಏಜೆಂಟ್ "ಕಮ್ಮಿ ರೇಟಿನದು ಮಾಡಿಕೊಡ್ತೀನಿ ಅಣ್ಣಾ" ಅಂದಾಗ ಮೂರು ಮಾತು ಕೇಳಿ. ಇದು ಪ್ಯಾಕೇಜೋ, ಬರೀ ಥರ್ಡ್ ಪಾರ್ಟಿಯೋ? ಹಿಂದಿನ ಸವಾರ ಸೇರಿದ್ದಾನೋ? ಓಡಿಸುವ ಮಾಲೀಕನಿಗೆ 15 ಲಕ್ಷದ ಅಪಘಾತ ವಿಮೆ ಇದೆಯೋ? ಉತ್ತರವನ್ನು ಬಾಯಲ್ಲಿ ಅಲ್ಲ, ಕಾಗದದಲ್ಲಿ ನೋಡಿ. ಲೈಸೆನ್ಸ್ ಇಲ್ಲದವನ ಕೈಗೆ ಗಾಡಿ ಕೊಡಬೇಡಿ. ಕಂಪನಿ ಕೊಟ್ಟ ದುಡ್ಡನ್ನೂ ನಿಮ್ಮಿಂದಲೇ ವಸೂಲು ಮಾಡೀತು.

ಸಾರಿಗೆ ಅಧಿಕಾರಿಗಳಿಗೂ ಒಂದು ಮಾತು. ಹೊತ್ತಿಗೆ ಸರಿಯಾಗಿ ಬಸ್ ಬಂದರೆ ಗೂಡ್ಸ್ ಗಾಡಿ ಹತ್ತಲು ಯಾರಿಗೂ ಹುಚ್ಚಿಲ್ಲ. ಹತ್ತಿ ಸುಗ್ಗಿಯಲ್ಲಿ ಬೆಳಗಿನ ಜಾವ ಆ ಹಳ್ಳಿಗಳಿಗೆ ನಾಲ್ಕು ಬಸ್ ಹೆಚ್ಚು ಬಿಡಿ. ಬರೀ ದಂಡ ಹಾಕಿದರೆ ಜೀವ ಉಳಿಯುವುದಿಲ್ಲ.