ಕಣಿವೆಯಿಂದ ಬಂದ ಸೈಡ್‌ಬಾಟಮ್‌ಗಳು
ಇಂಗ್ಲೆಂಡಿನ ವಿರಳ ಅಡ್ಡಹೆಸರುಗಳಲ್ಲಿ ಒಂದಾದ ಸೈಡ್‌ಬಾಟಮ್ ಹುಟ್ಟಿದ್ದು ಚೆಷೈರ್ ಕೌಂಟಿಯಲ್ಲಿದ್ದ ಅದೇ ಹೆಸರಿನ ಜಾಗದಿಂದ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ‘ಅಗಲವಾದ ಕಣಿವೆಯ ತಳ’ ಎಂಬ ಅರ್ಥವಿತ್ತು. ಬಾಟಮ್ ಪದಕ್ಕೆ ಇಂದು ಅಂಟಿಕೊಂಡಿರುವ ಅರ್ಥ ಬಹಳ ಈಚಿನದು. ಅದರ ಮುಜುಗರ ತಪ್ಪಿಸಿಕೊಳ್ಳಲೋ ಏನೋ, ಎಷ್ಟೋ ಮನೆತನಗಳು ಸೈಡ್‌ಬಾಥಮ್ ಎಂಬ ಕಾಗುಣಿತಕ್ಕೇ ಒಗ್ಗಿಕೊಂಡಿವೆ. ಉತ್ತರ ಇಂಗ್ಲೆಂಡಿನ ಪೆನೈನ್ ಬೆಟ್ಟಸಾಲಿನ ಇಕ್ಕೆಲದಲ್ಲೂ ಕಿರುಕಣಿವೆಗಳು ಹೇರಳ. ರಾಮ್ಸ್‌ಬಾಟಮ್, ಶಫಲ್‌ಬಾಟಮ್, ಹ್ಯಾರಿ ಪಾಟರ್ ಓದುಗರಿಗೆ ಪರಿಚಿತವಾದ ಲಾಂಗ್‌ಬಾಟಮ್ ಎಲ್ಲವೂ ಈ ಸೀಮೆಯ ಹೆಸರುಗಳೇ. ಸೈಡ್‌ಬಾಟಮ್‌ಗಳಂತೂ ತಲೆಮಾರುಗಳ ಕಾಲ ಪೂರ್ವ ಚೆಷೈರ್, ಅದಕ್ಕೆ ಅಂಟಿಕೊಂಡ ಡರ್ಬಿಷೈರ್ ಮತ್ತು ಲ್ಯಾಂಕಷೈರ್ ಅಂಚುಗಳನ್ನು ಬಿಟ್ಟು ಹೆಚ್ಚು ದೂರ ಹೋದವರಲ್ಲ. ಹತ್ತಿ ಗಿರಣಿಗಳ ಕಾಲದಲ್ಲಿ ಅನ್ನ ಹುಟ್ಟುತ್ತಿದ್ದುದೂ ಅಲ್ಲೇ. 19ನೇ ಶತಮಾನದಲ್ಲಿ ಬ್ರಾಡ್‌ಬಾಟಮ್ ಎಂಬ ಹಳ್ಳಿಯಲ್ಲಿ ದೊಡ್ಡ ಗಿರಣಿ ನಡೆಸಿದವರು ಸೈಡ್‌ಬಾಟಮ್‌ಗಳೇ. ಊರಿಗೂ ಧಣಿಗೂ ಒಂದೇ ಬಾಲ! ಬೆಟ್ಟ ದಾಟಿ ಯಾರ್ಕ್‌ಷೈರ್ ಕಡೆಗೂ ಹೆಸರು ಹಬ್ಬಿತು. ಬಾರ್ನ್ಸ್‌ಲಿಯಲ್ಲಿ ಹುಟ್ಟಿದ ವೇಗದ ಬೌಲರ್ ಅರ್ನಾಲ್ಡ್ ಸೈಡ್‌ಬಾಟಮ್ ಇಂಗ್ಲೆಂಡ್ ಪರ ಒಂದೇ ಟೆಸ್ಟ್ ಆಡಿದರೆ, ಹಡರ್ಸ್‌ಫೀಲ್ಡ್‌ನಲ್ಲಿ ಹುಟ್ಟಿದ ಮಗ ರಯಾನ್ 22 ಟೆಸ್ಟ್ ಆಡಿ, 2008ರಲ್ಲಿ ಹ್ಯಾಮಿಲ್ಟನ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಹ್ಯಾಟ್ರಿಕ್ ಪಡೆದರು. ಚೆಷೈರ್‌ನಲ್ಲೇ ಹುಟ್ಟಿದ ಕ್ರಿಕೆಟಿಗ ಇಯಾನ್ ಬಾಥಮ್ ಅವರ ಅಡ್ಡಹೆಸರಿಗೂ ಮೂಲ ಇದೇ ಕಣಿವೆಯ ತಳ. ಅರ್ನಾಲ್ಡ್ ಆಡಿದ ಆ ಏಕೈಕ ಟೆಸ್ಟ್ 1985ರಲ್ಲಿ ಆಸ್ಟ್ರೇಲಿಯಾ ವಿರುದ್ಧ ಟ್ರೆಂಟ್ ಬ್ರಿಜ್‌ನಲ್ಲಿ ನಡೆಯಿತು. ಅಂದು ತಂಡದಲ್ಲಿ ಬಾಥಮ್ ಕೂಡ ಇದ್ದರು.