ಒಂದು ತಿಂಗಳ ಒಕ್ಕಲು

ಪರಸ್ಥಳವನ್ನು ಅರಿಯುವ ಬಗೆ ಎರಡು. ಬಸ್ಸಿನಿಂದ ಇಳಿದು, ಹೆಸರಾದ ಗುಡಿಯನ್ನೂ ಅರಮನೆಯನ್ನೂ ಕಂಡು, ಸಂಜೆಯ ಬಸ್ಸಿಗೆ ಮರಳುವುದು ಒಂದು. ಅಲ್ಲಿಯೇ ಒಂದು ಮನೆಯನ್ನು ಹಿಡಿದು, ಒಲೆ ಹೊತ್ತಿಸಿ, ನೀರು ತುಂಬಿ, ನೆರೆಹೊರೆಯವರ ಪರಿಚಯ ಮಾಡಿಕೊಂಡು ಕೆಲವು ಕಾಲ ಬಾಳುವುದು ಇನ್ನೊಂದು. ಮೊದಲನೆಯದರಿಂದ ಊರಿನ ರೂಪವು ತಿಳಿಯುತ್ತದೆ; ಎರಡನೆಯದರಿಂದ ಊರಿನ ಬದುಕು ತಿಳಿಯುತ್ತದೆ. ಉಳ್ಳವರು ದೂರದೇಶಗಳಲ್ಲಿ, ಅದರಲ್ಲಿಯೂ ದಕ್ಷಿಣ ಫ್ರಾನ್ಸಿನಂಥ ಹಿತವಾದ ಹವೆಯ ನಾಡುಗಳಲ್ಲಿ, ತಿಂಗಳ ಮಟ್ಟಿಗೆ ಮನೆ ಹಿಡಿದು ಇರುವ ವಾಡಿಕೆಯುಂಟು. ವಾಡಿಕೆಯೇನೋ ಒಳ್ಳೆಯದೇ. ಆದರೆ ಹೀಗೆ ನೆಲೆಸುವವನು ಬಾಡಿಗೆಯನ್ನು ಕೊಟ್ಟ ಮಾತ್ರಕ್ಕೆ ಆ ಊರಿನ ಲೆಕ್ಕವು ತೀರಿತೇ? ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ಅಷ್ಟು ದೂರ ಹೋಗಬೇಕಾಗಿಲ್ಲ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿಗಳೇ ಸಾಕು.

ಕೃಷ್ಣಾ, ಘಟಪ್ರಭಾ ನದಿಗಳ ಈ ಸೀಮೆಯಲ್ಲಿ ಒಂದು ದಿನದ ಪ್ರವಾಸಿಗನಿಗೂ ನೋಡತಕ್ಕವು ಹಲವಿವೆ. ಜಮಖಂಡಿಯು ಪಟವರ್ಧನ ಮನೆತನದ ಸಂಸ್ಥಾನವಾಗಿತ್ತು. ಅವರ ಅರಮನೆ ಇಂದಿಗೂ ಇದೆ. ಮುಧೋಳವು ಘೋರ್ಪಡೆಯವರ ಸಂಸ್ಥಾನ, ಕವಿಚಕ್ರವರ್ತಿ ರನ್ನನ ಹುಟ್ಟೂರು, ಬೇಟೆನಾಯಿಗಳಿಗೆ ಹೆಸರಾದದ್ದು. ಬೀಳಗಿಯಲ್ಲಿ ಅರೆತ್ತಿನ ಬಾವಿಯಿದೆ. ಇವನ್ನೆಲ್ಲ ನೋಡಿ ಮರಳಿದವನು ‘ಆ ಕಡೆಯ ಊರುಗಳನ್ನು ಬಲ್ಲೆ’ ಎಂದು ಹೇಳಿಕೊಂಡರೆ ಯಾರೂ ಅಡ್ಡಿಮಾಡುವುದಿಲ್ಲ. ಆದರೆ ಅವನು ಬಲ್ಲದ್ದು ಬಾಗಿಲನ್ನು, ಒಳಮನೆಯನ್ನಲ್ಲ.

ಒಬ್ಬನು ಬನಹಟ್ಟಿಯ ನೇಕಾರರ ಓಣಿಯಲ್ಲಿ ಒಂದು ತಿಂಗಳಿಗೆ ಮನೆ ಹಿಡಿದನೆಂದು ಭಾವಿಸೋಣ. ಮೊದಲ ವಾರವು ಅವನಿಗೆ ಕಷ್ಟದ್ದೇ. ನಲ್ಲಿಗೆ ನೀರು ಯಾವ ಹೊತ್ತಿಗೆ ಬರುತ್ತದೆಂಬುದು ಗೊತ್ತಿಲ್ಲ. ಗೊತ್ತಾಗುವ ಹೊತ್ತಿಗೆ ನೀರು ನಿಂತಿರುತ್ತದೆ. ಅಕ್ಕಪಕ್ಕದ ಮನೆಗಳಿಂದ ಮಗ್ಗಗಳ ಸದ್ದು ಎಡೆಬಿಡದೆ ಕೇಳಿಬರುತ್ತದೆ. ಖಾನಾವಳಿಯ ಖಡಕ್ ರೊಟ್ಟಿಯೂ ಶೇಂಗಾ ಹಿಂಡಿಯೂ ನಾಲಗೆಗೆ ಹೊಸವು. ‘ಯಾವೂರ್ರೀ ನಿಮ್ಮದು? ಊಟ ಆತೇನ್ರೀ?’ ಎಂದು ಎದುರುಮನೆಯ ತಾಯಿ ಕೇಳಿದಾಗ, ಇದು ಕುತೂಹಲವೋ ಕಕ್ಕುಲತೆಯೋ ಎಂದು ಅವನು ತಬ್ಬಿಬ್ಬಾಗುತ್ತಾನೆ. ದುಡ್ಡು ಕೊಟ್ಟು ಬಂದವನಿಗೆ ಇಷ್ಟೆಲ್ಲ ತೊಂದರೆಯೇ ಎಂದು ಗೊಣಗಿ ಅವನು ಊರನ್ನು ಬಿಟ್ಟರೆ ಕತೆ ಅಲ್ಲಿಗೇ ಮುಗಿಯಿತು.

ಆದರೆ ಎರಡನೆಯ ವಾರದಲ್ಲಿ ಅದೇ ಸದ್ದು ಅವನಿಗೆ ಅರ್ಥವಾಗತೊಡಗುತ್ತದೆ. ಒಂದು ದಿನ ವಿದ್ಯುತ್ತು ನಿಂತು ಓಣಿಯೆಲ್ಲ ಮೌನವಾದಾಗ, ಮೊದಲು ಅವನಿಗೆ ಹಿತವೆನಿಸುತ್ತದೆ. ಆಮೇಲೆ ನೆರೆಯವನ ಮುಖವನ್ನು ಕಂಡು ನಿಜವು ತಿಳಿಯುತ್ತದೆ: ನೇಯ್ದ ಸೀರೆಗಳ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ಮಗ್ಗದ ಮೌನವೆಂದರೆ ಆ ದಿನದ ಗಳಿಕೆಗೆ ಬಿದ್ದ ಕತ್ತರಿ. ಮನೆಯ ಹೆಂಗಸರು ಕಂಡಿಕೆ ಸುತ್ತುವುದು, ಮುದುಕರು ಎಳೆ ಕೂಡಿಸುವುದು, ಮಕ್ಕಳು ಶಾಲೆಯಿಂದ ಬಂದು ಕೈಗೂಡುವುದು, ಇವೆಲ್ಲ ಕಂಡಮೇಲೆ ಅಂಗಡಿಯಲ್ಲಿ ನೋಡಿದ ಸೀರೆಯ ಬೆಲೆಯು ಅವನಿಗೆ ಬೇರೆಯಾಗಿ ತೋರುತ್ತದೆ. ಒಂದು ದಿನದ ನೋಟಕ್ಕೆ ಗದ್ದಲವಾಗಿದ್ದದ್ದು ತಿಂಗಳ ವಾಸಕ್ಕೆ ಅನ್ನದ ದನಿಯಾಗಿ ಕೇಳಿಸುತ್ತದೆ.

ಹಾಗೆಯೇ ನೀರಿನ ಮಾತು. ಜಮಖಂಡಿಯ ಕಡೆಗೆ ಹೋದರೆ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಒಂದು ಬ್ಯಾರೇಜು ಕಾಣುತ್ತದೆ. ನೋಡಲು ಅದರಲ್ಲಿ ಅಂಥ ಬೆಡಗೇನೂ ಇಲ್ಲ. ಆದರೆ ಬೇಸಿಗೆಯಲ್ಲಿ ಬತ್ತುತ್ತಿದ್ದ ಹೊಳೆಯ ನೀರನ್ನು ನಿಲ್ಲಿಸಲು ಸರಕಾರದ ದಾರಿ ಕಾಯದೆ, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರು ತಾವೇ ಹಣ ಕೂಡಿಸಿ, ಮೈಮುರಿದು ದುಡಿದು 1989ರಲ್ಲಿ ಅದನ್ನು ಪೂರೈಸಿದರು. ಆ ಜಲಾಶಯಕ್ಕೆ ‘ಶ್ರಮಬಿಂದು ಸಾಗರ’ ಎಂಬ ಹೆಸರು ಬಂದದ್ದು ಇದರಿಂದಲೇ. ಈ ಸೀಮೆಯಲ್ಲಿ ಒಂದು ತಿಂಗಳು ಉಂಡವನ ತಟ್ಟೆಯಲ್ಲಿ ಇಂಥ ಬೆವರಿನ ಪಾಲೂ ಇದೆ. ಮನೆಯ ಯಜಮಾನನಿಗೆ ಕೊಟ್ಟ ಬಾಡಿಗೆಯಲ್ಲಿ ಇದರ ಬೆಲೆ ಸೇರಿರುವುದಿಲ್ಲ. ಆದುದರಿಂದ ಪರಊರಿನಲ್ಲಿ ನೆಲೆಸುವವನು ತನ್ನನ್ನು ಗಿರಾಕಿಯೆಂದು ತಿಳಿಯದೆ ಋಣಿಯೆಂದು ತಿಳಿಯುವುದೇ ಸರಿಯಾದ ದಾರಿ. ನೀರನ್ನು ಮಿತವಾಗಿ ಬಳಸುವುದು, ಊರಿನ ಮಾತನ್ನು ಹಾಸ್ಯ ಮಾಡದೆ ಕಲಿಯುವುದು, ಸಂತೆಯಲ್ಲಿ ಮಾರುವ ಬಡವನೊಡನೆ ಬಿಡಿಗಾಸಿಗಾಗಿ ಹಟಮಾಡದಿರುವುದು, ಇವು ಆ ಋಣವನ್ನು ತೀರಿಸುವ ಸಣ್ಣ ಕಂತುಗಳು.

ಬಾಡಿಗೆ, ಊಟ, ಕೂಲಿ ಎಲ್ಲಕ್ಕೂ ಹಣ ಕೊಟ್ಟಮೇಲೆ ಋಣದ ಮಾತೇಕೆ ಎಂದು ಕೆಲವರು ಕೇಳಬಹುದು. ಬಂದವರ ಹಣದಿಂದ ಊರಿಗೂ ಲಾಭವಲ್ಲವೇ ಎಂಬ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಜ್ವರ ಬಂದ ರಾತ್ರಿ ಬಾಗಿಲು ತಟ್ಟಿ ಗಂಜಿ ತಂದುಕೊಡುವ ನೆರೆಯವಳಿಗೆ ಯಾವ ಕರಾರುಪತ್ರದಲ್ಲಿ ಸಂಬಳ ಬರೆದಿದೆ? ಉತ್ತರ ಕರ್ನಾಟಕದ ಅನೇಕ ಊರುಗಳಲ್ಲಿ ಶ್ರಾವಣಮಾಸವೆಲ್ಲ ಪ್ರವಚನ ನಡೆಯುವುದುಂಟು. ತಿಂಗಳ ಕಾಲ ಊರಿನಲ್ಲಿ ತಂಗುವ ಸ್ವಾಮಿಗಳಿಗೆ ಭಕ್ತರು ಪ್ರಸಾದದ ಏರ್ಪಾಡು ಮಾಡುತ್ತಾರೆ. ಅವರು ಊರಿಗೆ ನಾಲ್ಕು ಒಳ್ಳೆಯ ಮಾತುಗಳನ್ನು ಬಿಟ್ಟುಹೋಗುತ್ತಾರೆ. ಬಂದವನೂ ಕೊಡಬೇಕು, ಇದ್ದವರೂ ಕೊಡಬೇಕು ಎಂಬ ತಿಳಿವಳಿಕೆ ಈ ನೆಲಕ್ಕೆ ಹೊಸದಲ್ಲ.

ಇದ್ದವರ ಹೊಣೆಯೂ ಚಿಕ್ಕದಲ್ಲ. 1888ರ ಫೆಬ್ರವರಿಯಲ್ಲಿ ಡಚ್ ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋ ದಕ್ಷಿಣ ಫ್ರಾನ್ಸಿನ ಆರ್ಲ್ ಎಂಬ ಊರಿಗೆ ಬಂದು, ಮುಂದೆ ಅಲ್ಲಿ ಹಳದಿ ಬಣ್ಣದ ಮನೆಯೊಂದನ್ನು ಬಾಡಿಗೆಗೆ ಹಿಡಿದನು. ಅಲ್ಲಿಯ ಹೊಲಗಳನ್ನೂ ಹೂವಿನ ಮರಗಳನ್ನೂ ಮಾತ್ರವಲ್ಲ, ತನ್ನೊಡನೆ ಸ್ನೇಹದಿಂದಿದ್ದ ಅಂಚೆಯ ನೌಕರನನ್ನೂ ಅವನ ಮನೆಯವರನ್ನೂ ಬಣ್ಣದಲ್ಲಿ ಉಳಿಸಿದನು. ಆದರೆ ಅವನು ಮನೋರೋಗದಿಂದ ನರಳಿದಾಗ ನೆರೆಹೊರೆಯ ಕೆಲವರು 1889ರಲ್ಲಿ ಊರಿನ ಅಧಿಕಾರಿಗೆ ಅರ್ಜಿ ಕೊಟ್ಟು ಅವನನ್ನು ಹೊರಗಿಡಬೇಕೆಂದು ಕೇಳಿದರು. ಇಂದು ಜಗತ್ತಿನ ಜನರು ಆ ಊರಿಗೆ ಹೋಗುವುದು ಹೆಚ್ಚಾಗಿ ಅವನ ಹೆಸರನ್ನು ನೆನೆದೇ. ಬಾಡಿಗೆಗೆ ಬಂದವನ ಯೋಗ್ಯತೆಯನ್ನು ಅಳೆಯಲು ಅವಸರಪಟ್ಟ ಊರು ತನಗೇ ಅನ್ಯಾಯ ಮಾಡಿಕೊಳ್ಳುತ್ತದೆಂಬುದಕ್ಕೆ ಇದು ಸಾಕ್ಷಿ.

ಅಂಥ ಪರೀಕ್ಷೆಯು ಮುಧೋಳದ ಸೀಮೆಗೆ ವರ್ಷವರ್ಷವೂ ಒದಗುತ್ತದೆ. ಕಬ್ಬಿನ ಹಂಗಾಮು ಬಂದಿತೆಂದರೆ ಮಹಾರಾಷ್ಟ್ರದ ಬೀಡ ಮೊದಲಾದ ಬರದ ನಾಡುಗಳಿಂದ ಕಬ್ಬು ಕಡಿಯುವ ಗ್ಯಾಂಗುಗಳು ಹೆಂಡಿರು ಮಕ್ಕಳೊಂದಿಗೆ ಬಂದಿಳಿಯುತ್ತವೆ. ಇವರೂ ಕೆಲವು ತಿಂಗಳ ಒಕ್ಕಲೇ. ಆದರೆ ಇವರಿಗೆ ದೊರೆಯುವುದು ಬಾಡಿಗೆಯ ಮನೆಯಲ್ಲ, ಹೊಲದಂಚಿನ ಜೋಪಡಿ. ಸಕ್ಕರೆಯ ಸವಿಗೆ ಕಾರಣರಾದವರ ಮಕ್ಕಳಲ್ಲಿ ಅನೇಕರಿಗೆ ಆ ತಿಂಗಳುಗಳ ಶಾಲೆಯು ತಪ್ಪಿಹೋಗುತ್ತದೆ. ಹಣ ಹಿಡಿದು ಬಂದ ಅತಿಥಿಗೆ ‘ಬರ್ರಿ, ಕೂಡ್ರಿ’ ಎನ್ನುವ ನಾಲಗೆ ಕತ್ತಿ ಹಿಡಿದು ಬಂದ ಕೂಲಿಗೂ ಹಾಗೆಯೇ ಅನ್ನಬೇಕು. ಕುಡಿಯುವ ನೀರು, ದೀಪ, ಮಕ್ಕಳಿಗೆ ಹತ್ತಿರದ ಶಾಲೆಯಲ್ಲೊಂದು ಸ್ಥಳ, ಇಷ್ಟನ್ನು ಕೊಡಲಾರದ ಊರಿನ ಆತಿಥ್ಯವು ಅರೆಬರೆಯದು.

ಇಂದು ಸ್ವಂತ ಮನೆಯಲ್ಲಿ ನಿಶ್ಚಿಂತರಾಗಿರುವವರು ನಾಳೆ ಪರರ ಸೂರಿನಡಿ ನಿಲ್ಲಬೇಕಾಗಿ ಬಂದೀತೆಂಬುದನ್ನು ಈ ನದಿಗಳೇ ಕಲಿಸಿವೆ. 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆ, ಘಟಪ್ರಭೆಗಳು ಉಕ್ಕಿ ಹರಿದಾಗ ನದಿಯ ದಂಡೆಯ ಊರುಗಳ ಜನರು ಶಾಲೆಗಳಲ್ಲಿಯೂ ಬಂಧುಗಳ ಮನೆಗಳಲ್ಲಿಯೂ ದಿನ ಕಳೆದರು. ಬೀಳಗಿ ತಾಲ್ಲೂಕಿನ ಅನೇಕ ಹಳ್ಳಿಗಳವರ ಪಾಡು ಇನ್ನೂ ಕಠಿಣವಾದದ್ದು. ಆಲಮಟ್ಟಿಯ ಹಿನ್ನೀರಿಗೆ ಹೊಲಮನೆಗಳನ್ನು ಬಿಟ್ಟುಕೊಟ್ಟು ಅವರು ಪುನರ್ವಸತಿ ಕೇಂದ್ರಗಳಿಗೆ ಹೋದರು. ಪ್ರವಾಸಿಗನು ತಿಂಗಳು ತುಂಬಿದೊಡನೆ ತನ್ನ ಮನೆಗೆ ಮರಳುತ್ತಾನೆ. ಅವರಿಗೆ ಮರಳಲು ಮನೆಯೇ ಇರಲಿಲ್ಲ. ಹೊಸ ಓಣಿ, ಹೊಸ ನೆರೆ, ಹೊಸ ದಾರಿಗಳನ್ನು ಬದುಕಿಡೀ ತಮ್ಮವನ್ನಾಗಿ ಮಾಡಿಕೊಳ್ಳಬೇಕಾಯಿತು. ನೆಲೆಸುವುದು ಎಷ್ಟು ದೊಡ್ಡ ಕೆಲಸವೆಂಬುದನ್ನು ಅವರಿಗಿಂತ ಬಲ್ಲವರು ಯಾರು?

ತಿಂಗಳ ವಾಸಕ್ಕೆ ಬಂದವನು ಇದನ್ನೆಲ್ಲ ಕಂಡು ಹೋದರೆ ಅವನ ವಾಸವು ಸಾರ್ಥಕ. ಬನಹಟ್ಟಿಯ ಮಗ್ಗದ ಮುಂದೆ ನಿಂತು ನೋಡಿದವರಿಗೆ ಒಂದು ಮಾತು ತಾನಾಗಿಯೇ ಹೊಳೆಯುತ್ತದೆ. ಮಗ್ಗದಲ್ಲಿ ಹಾಸು ಬಿಗಿಯಾಗಿ ಒಂದೆಡೆ ನಿಂತಿರುತ್ತದೆ. ಲಾಳಿಯೊಡನೆ ಓಡಾಡುವುದು ಹೊಕ್ಕು. ಹಾಸು ಮಾತ್ರವೇ ಇದ್ದರೆ ಅದು ನೂಲು. ಹೊಕ್ಕು ಮಾತ್ರವೇ ಇದ್ದರೂ ಅದು ನೂಲೇ. ನಿಂತ ಎಳೆಯು ಎಡೆಗೊಟ್ಟು, ಬಂದ ಎಳೆಯು ಬಾಗಿ ನಡೆದಾಗಲೇ ಅರಿವೆಯಾಗುತ್ತದೆ. ಊರೆಂಬುದೂ ಹೀಗೆಯೇ ಇದ್ದವರಿಂದಲೂ ಬಂದವರಿಂದಲೂ ನೇಯ್ದದ್ದು.