ಹೆಣ್ಣುಮಕ್ಕಳೂ ಲೋಹಗೆಲಸವೂ

ಹುಡುಗಿಯು ಒಡವೆ ತೊಡುವುದಕ್ಕೆ ಯಾರೂ ಅಡ್ಡಿಮಾಡರು. ಮಾಡಲು ಕಲಿಯುತ್ತೇನೆಂದರೆ ಮಾತ್ರ ಮನೆಯವರ ಮುಖವು ಸಿಂಡರಿಸುವುದು. ಕಲಾಶಾಲೆಯ ಕೊನೆಯ ವರ್ಷದಲ್ಲಿ ಆಭರಣ ವಿನ್ಯಾಸವನ್ನು ಕಲಿಯುತ್ತಿರುವ ನಮ್ಮ ಹಳೆ ವಿದ್ಯಾರ್ಥಿನಿಯೊಬ್ಬಳ ಪಕ್ಷವನ್ನೇ ನಾವು ಹಿಡಿಯುತ್ತೇವೆ. ಆದರೆ ಅವಳಿಗೂ ಒಂದು ಮಾತು: ಕಾಗದದ ಮೇಲಣ ಚಿತ್ರವು ಒಡವೆಯಲ್ಲ. 1430ರಲ್ಲಿ ಕಟ್ಟಿದ ಮೂಡಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಚಂದ್ರನಾಥಸ್ವಾಮಿಯ ಪಂಚಲೋಹದ ವಿಗ್ರಹವನ್ನು ಅವಳು ಬಾಲ್ಯದಿಂದಲೂ ನೋಡಿರುವಳು. ನೋಡಿದ್ದು ಸಾಲದು, ಬೀದರಿಗೆ ಹೋಗಿ ಬಿದರಿ ಕೆಲಸಗಾರರ ಬಳಿ ಕೆಲವು ತಿಂಗಳು ಕುಳಿತುಕೊಳ್ಳಲಿ. ಅಲ್ಲಿ ಸತುವಿಗೆ ತುಸು ತಾಮ್ರ ಬೆರೆಸಿ ಎರಕಹೊಯ್ದು, ಉಳಿಯಿಂದ ಕೊರೆದ ಗೆರೆಗಳಲ್ಲಿ ಬೆಳ್ಳಿಯನ್ನು ಬಡಿದು ಕೂರಿಸುವರು. ಹಳೆಕೋಟೆಯ ಮಣ್ಣನ್ನೂ ನವಸಾಗರವನ್ನೂ ಕಲಸಿ ಹಚ್ಚಲು ಲೋಹವು ಕಪ್ಪಾಗಿ ಬೆಳ್ಳಿಯು ಮಾತ್ರ ಹೊಳೆಯುವುದು. ಗೆರೆಯ ಆಳ ತಪ್ಪಿದರೆ ತಂತಿಯು ನಿಲ್ಲದು. ಇದನ್ನು ನಮ್ಮಂತಹ ಪುಸ್ತಕದ ಉಪಾಧ್ಯಾಯಿನಿಯರು ಕಲಿಸಲಾರೆವು. ಮದುವೆಯ ಚಿನ್ನಕ್ಕೆಂದು ಕೂಡಿಟ್ಟ ಹಣದಲ್ಲಿ ತಂದೆಯವರು ಅವಳಿಗೆ ಒಂದು ಅರವನ್ನೂ ಊದುಗೊಳವೆಯನ್ನೂ ಕೊಡಿಸುವರೇ?